ಯಕ್ಷಗಾನದ ರೆಕಾರ್ಡಿಂಗ್: ಕತ್ತರಿಸಿದ ಮೇಲೆ ಮಾರ್ಕರ್ ಜಾಗ ತಪ್ಪುತ್ತಿದೆ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮೂರಲ್ಲಿ ನಡೆದ ಬಯಲಾಟವನ್ನು ಎರಡು ಕ್ಯಾಮೆರಾದಲ್ಲಿ ರೆಕಾರ್ಡ್ ಮಾಡಿದ್ದೇನೆ. ಎಡಿಟಿಂಗ್ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್‌ನಲ್ಲಿ. ಎಲ್ಲ ಕ್ಲಿಪ್ ಟೈಮ್‌ಲೈನ್‌ಗೆ ಹಾಕಿ, ಪದ್ಯ ಶುರುವಾಗುವ ಕಡೆಯೆಲ್ಲ 'ಎಂ' ಒತ್ತಿ ಮಾರ್ಕರ್ ಹಾಕಿದೆ. ಆಮೇಲೆ ಬೇಡದ ಭಾಗ ರಿಪಲ್ ಡಿಲೀಟ್ (ಕತ್ತರಿಸಿ ಖಾಲಿ ಜಾಗವನ್ನೂ ಮುಚ್ಚುವುದು) ಮಾಡಿದರೆ ಪದ್ಯ ಹಿಂದಕ್ಕೆ ಸರಿಯಿತು, ಮಾರ್ಕರ್ ಮಾತ್ರ ಅಲ್ಲೇ ನಿಂತಿತು. ಎಲ್ಲ ಮತ್ತೆ ಹಾಕಬೇಕಾ?

ಉತ್ತರ: ಬೇಡ. ಅನ್‌ಡೂ ಮಾಡುತ್ತಾ ಕತ್ತರಿಸುವ ಮುಂಚಿನ ಸ್ಥಿತಿಗೆ ಹೋಗಿ. ಮೇಲಿನ ಮಾರ್ಕ್ ಮೆನುವಿನಲ್ಲಿ 'ರಿಪಲ್ ಟೈಮ್‌ಲೈನ್ ಮಾರ್ಕರ್ಸ್' ಅಂತ ಇದೆ, ಅದಕ್ಕೆ ಟಿಕ್ ಹಾಕಿ. ಆಮೇಲೆ ಕತ್ತರಿಸಿದರೆ ಮಾರ್ಕರ್‌ಗಳೂ ಜೊತೆಗೇ ಸರಿಯುತ್ತವೆ.

ಯಾಕೆ ಹೀಗಾಯಿತು ಅಂದರೆ, ಯಾವ ಕ್ಲಿಪ್ಪನ್ನೂ ಆಯ್ಕೆ ಮಾಡದೆ 'ಎಂ' ಒತ್ತಿದರೆ ಮಾರ್ಕರ್ ಟೈಮ್‌ಲೈನ್‌ನ ರೂಲರ್ (ಮೇಲಿನ ಸಮಯದ ಪಟ್ಟಿ) ಮೇಲೆ ಬೀಳುತ್ತದೆ. ಕ್ಲಿಪ್ ಆಯ್ಕೆ ಮಾಡಿ ಒತ್ತಿದರೆ ಆ ಕ್ಲಿಪ್ಪಿನ ಮೇಲೇ ಕೂರುತ್ತದೆ, ಕ್ಲಿಪ್ ಎಲ್ಲಿಗೆ ಹೋದರೂ ಜೊತೆಗೆ ಹೋಗುತ್ತದೆ.

ಮುಂದಿನ ಸಲ ಟೈಮ್‌ಲೈನ್‌ಗೆ ಹಾಕುವ ಮುಂಚೆಯೇ ಗುರುತು ಮಾಡಿಕೊಳ್ಳಿ. ಮೀಡಿಯಾ ಪೂಲ್‌ನಲ್ಲಿ (ಇಂಪೋರ್ಟ್ ಮಾಡಿದ ಕ್ಲಿಪ್‌ಗಳೆಲ್ಲ ಇರುವ ಜಾಗ) ಕ್ಲಿಪ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸೋರ್ಸ್ ವ್ಯೂವರ್‌ನಲ್ಲಿ ತೆರೆಯುತ್ತದೆ. ಓಡಿಸುತ್ತಾ 'ಎಂ' ಒತ್ತುತ್ತಾ ಹೋಗಿ, ನಿಲ್ಲಿಸಬೇಕಾಗಿಲ್ಲ. ಒಂದೇ ಜಾಗದಲ್ಲಿ ಎರಡು ಸಲ ಒತ್ತಿದರೆ ಹೆಸರು, ಬಣ್ಣ, ಟಿಪ್ಪಣಿ ಬರೆಯುವ ಕಿಟಕಿ ತೆರೆಯುತ್ತದೆ. ಅಲ್ಲಿ ಸುಮ್ನೆ 'ಚೆನ್ನಾಗಿದೆ' ಅಂತ ಬರೆಯಬೇಡಿ. ತಿಂಗಳು ಬಿಟ್ಟು ನೋಡಿದರೆ ಏನು ಚೆನ್ನಾಗಿತ್ತು ಅಂತ ಗೊತ್ತಾಗುವುದಿಲ್ಲ. ಪದ್ಯವಾದರೆ ಅದರ ಮೊದಲ ಎರಡು ಪದ, ಪ್ರವೇಶವಾದರೆ ವೇಷದ ಹೆಸರು ಬರೆಯಿರಿ. ನಾನು ಪದ್ಯಕ್ಕೆ ಹಸಿರು, ಮಾತಿಗೆ ನೀಲಿ, ಪ್ರವೇಶಕ್ಕೆ ಕೆಂಪು, ಮೈಕ್ ಕೂಗಿದ ಜಾಗಕ್ಕೆ ಹಳದಿ ಇಡುತ್ತೇನೆ. ಹಳದಿಯೇ ಜಾಸ್ತಿ ಕೆಲಸಕ್ಕೆ ಬರುವುದು, ಯಾಕೆಂದರೆ ಅಲ್ಲಿ ಇನ್ನೊಂದು ಕ್ಯಾಮೆರಾದ ಆಡಿಯೋ ಹುಡುಕಬೇಕು ಅಲ್ವಾ. ಶಿಫ್ಟ್ ಹಿಡಿದು ಕೆಳಗಿನ ಬಾಣದ ಕೀ ಒತ್ತಿದರೆ ಮುಂದಿನ ಮಾರ್ಕರ್, ಮೇಲಿನದು ಒತ್ತಿದರೆ ಹಿಂದಿನದು.

ಪ್ರಶ್ನೆ: ಫ್ಲ್ಯಾಗ್ ಅಂತಲೂ ಇದೆಯಲ್ಲ, ಅದು ಬೇರೆಯಾ? ಇನ್ನೊಂದು, ಎರಡು ಕ್ಯಾಮೆರಾದಲ್ಲೂ ಫೈಲ್ ಹೆಸರು ಒಂದೇ, ಸಿ 0001 ಅಂತ.

ಉತ್ತರ: ಬೇರೆ. ಮಾರ್ಕರ್ ಒಂದು ಕ್ಷಣಕ್ಕೆ, ಫ್ಲ್ಯಾಗ್ ಇಡೀ ಕ್ಲಿಪ್ಪಿಗೆ. 'ಜಿ' ಒತ್ತಿ ಫ್ಲ್ಯಾಗ್ ಹಾಕಿದರೆ ಆ ಕ್ಲಿಪ್ಪಿನ ತುಣುಕು ಎಲ್ಲೆಲ್ಲಿ ಬಳಸಿದ್ದೀರೋ ಅಲ್ಲೆಲ್ಲ ಕಾಣುತ್ತದೆ. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ಹಚ್ಚುವ ಶಾಟ್‌ಗಳಿಗೆಲ್ಲ ಒಂದು ಬಣ್ಣದ ಫ್ಲ್ಯಾಗ್ ಹಾಕಿ, ಆ ಬಣ್ಣಕ್ಕೆ ಸ್ಮಾರ್ಟ್ ಬಿನ್ (ಬಿನ್ ಅಂದರೆ ರಿಸಾಲ್ವ್‌ನ ಒಳಗಿನ ಫೋಲ್ಡರ್) ಮಾಡಿದರೆ ಅವೆಲ್ಲ ತಾವಾಗಿಯೇ ಒಂದು ಕಡೆ ಸೇರುತ್ತವೆ.

ಹೆಸರಿನ ವಿಷಯಕ್ಕೆ, ಡಿಸ್ಕ್‌ನಲ್ಲಿ ಕ್ಯಾಮೆರಾಕ್ಕೊಂದು ಫೋಲ್ಡರ್, ರಿಸಾಲ್ವ್‌ನಲ್ಲೂ ಹಾಗೆಯೇ ಒಂದೊಂದು ಬಿನ್ ಇರಲಿ. ಇಂಪೋರ್ಟ್ ಆದ ಮೇಲೆ ಡಿಸ್ಕ್‌ನಲ್ಲಿ ಫೈಲಿನ ಹೆಸರು ಬದಲಿಸಬೇಡಿ, ಜಾಗವನ್ನೂ ಬದಲಿಸಬೇಡಿ. ಬದಲಿಸಿದರೆ ಕ್ಲಿಪ್ಪೆಲ್ಲ ಕೆಂಪಾಗಿ 'ಮೀಡಿಯಾ ಆಫ್‌ಲೈನ್' ಅನ್ನುತ್ತದೆ. ಹೆಸರು ಬದಲಿಸಲೇಬೇಕಾದರೆ ಮೀಡಿಯಾ ಪೂಲ್‌ನ ಒಳಗೇ ಕ್ಲಿಪ್ ನೇಮ್ ಬದಲಿಸಿ. ಡಿಸ್ಕ್‌ನ ಫೈಲಿಗೆ ಏನೂ ಆಗುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ಮೇಡಂ, ಇದೇ ಮಾರ್ಕರ್ ನೋಡಿಕೊಂಡು ಯೂಟ್ಯೂಬ್ ಚಾಪ್ಟರ್ (ವಿಡಿಯೋದ ಭಾಗಗಳ ಸಮಯದ ಪಟ್ಟಿ) ಬರೆಯಬಹುದಾ?

ಉತ್ತರ: ಖಂಡಿತ. ಕತ್ತರಿಸಿ ಮುಗಿದ ಮೇಲೆ ಟೈಮ್‌ಲೈನ್ ರೂಲರ್ ಮೇಲೆ ಪ್ರಸಂಗದ ಘಟ್ಟಗಳಿಗೆ ಮಾರ್ಕರ್ ಹಾಕಿ. ಎಡಿಟ್ ಪೇಜಿನ ಇಂಡೆಕ್ಸ್‌ನಲ್ಲಿ ಅವುಗಳ ಸಮಯ ಸಿಗುತ್ತದೆ. ಡಿಸ್ಕ್ರಿಪ್ಶನ್‌ನಲ್ಲಿ ಮೊದಲ ಚಾಪ್ಟರ್ 0:00 ಇರಲೇಬೇಕು, ಒಟ್ಟು ಕನಿಷ್ಠ 3 ಇರಬೇಕು, ಒಂದೊಂದೂ ಕನಿಷ್ಠ 10 ಸೆಕೆಂಡ್ ಬರಬೇಕು.

ಒಂದು ಕಡೆ ಹುಷಾರು. ರಿಸಾಲ್ವ್ ಟೈಮ್‌ಲೈನ್ ಸಾಮಾನ್ಯವಾಗಿ 01:00:00:00ರಿಂದ ಶುರುವಾಗುತ್ತದೆ. ಅದನ್ನೇ ನಕಲು ಮಾಡಿದರೆ ಎಲ್ಲ ಚಾಪ್ಟರ್ ಒಂದು ಗಂಟೆ ಮುಂದೆ ಹೋಗುತ್ತವೆ. ಮೀಡಿಯಾ ಪೂಲ್‌ನಲ್ಲಿ ಟೈಮ್‌ಲೈನ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟಾರ್ಟಿಂಗ್ ಟೈಮ್‌ಕೋಡ್ ಸೊನ್ನೆ ಮಾಡಿಕೊಳ್ಳಿ, ಆಮೇಲೆ ಸಮಯ ಬರೆದುಕೊಳ್ಳಿ.