ಗುಜರಿಯಿಂದ ತಂದ ಡ್ರಮ್ಮು, ಸಾವಿರ ಲೀಟರಿನ ಟ್ಯಾಂಕು: ತೋಟದಲ್ಲಿ ಯಾವುದಕ್ಕೆ ಆದೀತು?

ಅಡ್ಮಿನ್: ಹಳೇ ಪ್ಲಾಸ್ಟಿಕ್ ಡ್ರಮ್ಮುಗಳ ಬಗ್ಗೆ ಗುಂಪಿನಲ್ಲಿ ದಿನಾ ಒಬ್ಬರು ಕೇಳುತ್ತಿದ್ದೀರಿ. ಇವತ್ತು ಉತ್ತರಿಸುವವರು ಡ್ರಮ್ ತಯಾರಿಸುವ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿದ್ದು, ಈಗ ಊರಲ್ಲೇ ಅಡಿಕೆ ತೋಟ ನೋಡಿಕೊಂಡಿರುವ ನಮ್ಮ ಸದಸ್ಯರು.

ಪ್ರಶ್ನೆ (ಸಾಗರದಿಂದ): ಸರ್, ಗುಜರಿಯವನ ಹತ್ರ ನಾಲ್ಕು ನೀಲಿ ಡ್ರಮ್ಮು, ಕಬ್ಬಿಣದ ಪಂಜರ ಇರುವ ಒಂದು ಬಿಳಿ ಟ್ಯಾಂಕು ನೋಡಿ ಬಂದಿದ್ದೇನೆ. ಅಡಿಗೆ ಎಣ್ಣೆಯದ್ದು ಅಂತಾನೆ. ನಂಬಬಹುದಾ? ತಳದಲ್ಲಿ ತ್ರಿಕೋನದೊಳಗೆ 2 ಅಂತ ಇದೆ, ಅದು ಫುಡ್ ಗ್ರೇಡ್ ಅಲ್ವಾ?

ಉತ್ತರ: ಅಲ್ಲ. ಆ 2 ಎಂಬುದು ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನ ಗುರುತು, ಅಷ್ಟೇ. ಜೇನುತುಪ್ಪ ತುಂಬಿದ ಡ್ರಮ್ಮಿಗೂ ಅದೇ 2, ಆಸಿಡ್ ತುಂಬಿದ್ದಕ್ಕೂ ಅದೇ 2.

ಗುಜರಿಯವನ ಬಾಯಿಮಾತು ಬಿಟ್ಟು ಡ್ರಮ್ಮಿನ ಮೈ ಓದಿ. ಅಚ್ಚಿನಲ್ಲೇ ಮೂಡಿದ ಒಂದು ಸಣ್ಣ ವೃತ್ತ ಇರುತ್ತದೆ, ಸುತ್ತ 1ರಿಂದ 12, ನಡುವೆ ಒಂದು ಬಾಣ. ಬಾಣ ತೋರಿಸುವುದು ತಯಾರಾದ ತಿಂಗಳು, ಅದರ ಆಚೀಚೆ ಇರುವ ಎರಡು ಅಂಕಿ ವರ್ಷ. ಅಪಾಯಕಾರಿ ರಾಸಾಯನಿಕ ಸಾಗಿಸಲು ಪ್ಲಾಸ್ಟಿಕ್ ಡ್ರಮ್ಮಿಗೆ ಸಾಮಾನ್ಯವಾಗಿ ತಯಾರಾದಲ್ಲಿಂದ 5 ವರ್ಷ ಮಾತ್ರ ಅವಕಾಶ. ಗಟ್ಟಿಮುಟ್ಟಾಗಿರುವ ಡ್ರಮ್ಮುಗಳೂ ಗುಜರಿಗೆ ಬಂದು ಬೀಳುವುದಕ್ಕೆ ಅದೂ ಒಂದು ಕಾರಣ. ಪಕ್ಕದಲ್ಲಿ 1ಎಚ್1 ಅಥವಾ 1ಎಚ್2 ಅಂತ ಇದ್ದರೆ ಅಂಥ ಮಾಲು ತುಂಬಲು ಪರೀಕ್ಷೆಯಾದ ಡ್ರಮ್ಮು. ಮೊದಲನೆಯದು ಸಣ್ಣ ಬಾಯಿಯದ್ದು, ಎರಡನೆಯದು ಮುಚ್ಚಳ ಪೂರ್ತಿ ತೆಗೆಯುವಂಥದ್ದು. ಪಂಜರದ ಟ್ಯಾಂಕಿನ ತಗಡಿನ ಮೇಲೆ 31ಎಚ್‌ಎ1 ಅಂತ ಇರುತ್ತದೆ. ಈ ಗುರುತು ಇದ್ದ ಮಾತ್ರಕ್ಕೆ ಒಳಗೆ ವಿಷವೇ ಇತ್ತು ಅಂತಲ್ಲ, ಎಷ್ಟೋ ಜನ ಅದೇ ಡ್ರಮ್ಮಿಗೆ ಗ್ಲೂಕೋಸ್ ಪಾಕವನ್ನೂ ತುಂಬುತ್ತಾರೆ. ಒಳಗೆ ಏನಿತ್ತು ಅಂತ ಹೇಳುವುದು ಅಂಟಿಸಿದ ಲೇಬಲ್ ಒಂದೇ. ಅದನ್ನು ಕೆರೆದು ತೆಗೆದಿದ್ದರೆ, ಯಾಕೆ ತೆಗೆದ ಅಂತ ಮೊದಲು ಕೇಳಿ.

ನನ್ನ ಲೆಕ್ಕ ಹೀಗೆ. ಅಡಿಗೆ ಎಣ್ಣೆ, ಪಾಕ, ವಿನೆಗರ್, ಗ್ಲಿಸರಿನ್ ಇದ್ದದ್ದು ಲೇಬಲ್ ಸಮೇತ ಸಿಕ್ಕರೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟಾದರೂ ತನ್ನಿ. ಆಸಿಡ್, ಕಾಸ್ಟಿಕ್, ಸೋಪಿನ ದ್ರಾವಣ ಇದ್ದದ್ದನ್ನು ಚೆನ್ನಾಗಿ ತೊಳೆದರೆ ಕೊಟ್ಟಿಗೆ ತೊಳೆಯುವ ನೀರಿಗೆ, ಗಾರೆ ಕೆಲಸಕ್ಕೆ ನಡೆಯುತ್ತದೆ. ಕೀಟನಾಶಕ, ಕಳೆನಾಶಕ, ಪೇಂಟಿನ ಥಿನ್ನರ್, ಸುಗಂಧದ ಎಣ್ಣೆ ಇದ್ದದ್ದು ಬಿಟ್ಟಿ ಕೊಟ್ಟರೂ ಬೇಡ. ಇವೆಲ್ಲ ಎಚ್‌ಡಿಪಿಇ ಗೋಡೆಯೊಳಕ್ಕೇ ಇಳಿಯುವ ಜಾತಿಯವು. ಮೇಲೆ ಎಷ್ಟು ತಿಕ್ಕಿದರೂ ಒಳಗಿನದ್ದು ತಿಂಗಳುಗಟ್ಟಲೆ ಮೆಲ್ಲಗೆ ನೀರಿಗೆ ಬಿಡುತ್ತಲೇ ಇರುತ್ತದೆ. ರಾಸಾಯನಿಕ ಅಂಟಿದ ಖಾಲಿ ಡ್ರಮ್ಮು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲೇ ಇದೆ. ಹಾಗೇ ಬೀದಿಯಲ್ಲಿಟ್ಟು ಮಾರುವ ಸರಕಲ್ಲ ಅದು.

ಲೇಬಲ್ಲೇ ಇಲ್ಲವೇ? ವಿಷದ್ದು ಅಂತಲೇ ತಿಳಿದುಕೊಳ್ಳಿ.

ಪ್ರತಿಕ್ರಿಯೆ (ಹಾವೇರಿಯಿಂದ): ಸರ, ನಾವು ಹತ್ತ ವರ್ಷದಿಂದ ಇಂಥಾ ಬ್ಯಾರಲ್ಲಿನ ನೀರ ಕುಡ್ಯಾಕತ್ತೀವಿ, ಏನೂ ಆಗಿಲ್ಲ. ಸುಮ್ನ ಹೆದರಸಾಕತ್ತೀರಿ ಅನಸ್ತೈತಿ.

ಉತ್ತರ: ಅಣ್ಣಾರೆ, ನಿಮ್ಮದು ಎಣ್ಣೆ ಬ್ಯಾರಲ್ಲೇ ಆಗಿರಬಹುದು, ಹಾಗಿದ್ದರೆ ಒಳ್ಳೆಯದೇ ಆಯಿತು. ಆದರೆ ಅದೇ ಅಂಗಡಿಯಿಂದ ನಿಮ್ಮ ಪಕ್ಕದ ಮನೆಯವರು ತಂದದ್ದೂ ಅದೇ ಇರಬೇಕಲ್ಲ? ವಾಸನೆ ಇಲ್ಲ ಅನ್ನುವುದನ್ನೂ ನೆಚ್ಚಿಕೊಳ್ಳಬೇಡಿ. ನೀರು ತುಂಬಿ, ಮುಚ್ಚಳ ಬಿಗಿದು, ಎರಡು ದಿನ ಬಿಸಿಲಲ್ಲಿಟ್ಟು ತೆಗೆದು ಮೂಸಿ. ವಾಸನೆ ಬಂದರೆ ವಾಪಸ್ ಕೊಡಿ. ಬರದೇ ಇದ್ದರೂ, ಲೇಬಲ್ ಇಲ್ಲದ್ದಾದರೆ ನಂಬಬೇಡಿ. ಕುಡಿಯುವುದಕ್ಕೆ ಹೊಸ ಟ್ಯಾಂಕೇ ಆಗಲಿ. ಇದರಲ್ಲಿ ನಾನು ರಾಜಿ ಆಗುವವನಲ್ಲ.

ಪ್ರಶ್ನೆ (ತೀರ್ಥಹಳ್ಳಿಯಿಂದ): ಮಳೆಗಾಲದಲ್ಲಿ ಬೋರ್ಡೋ (ಮೈಲುತುತ್ತ ಎಂಬ ತಾಮ್ರದ ಉಪ್ಪು, ಸುಣ್ಣ ಸೇರಿದ ಔಷಧಿ) ಕಲಸಿದ ಡ್ರಮ್ಮನ್ನೇ ಬೇಸಿಗೆಯಲ್ಲಿ ಜೀವಾಮೃತಕ್ಕೆ ಬಳಸುತ್ತೇವೆ. ತೊಳೆದೇ ಬಳಸುವುದು. ತೊಂದರೆ ಇದೆಯಾ ಭಾವ?

ಉತ್ತರ: ಬೇಡ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದೇ ತಾಮ್ರ ಶಿಲೀಂಧ್ರವನ್ನು ಕೊಲ್ಲುತ್ತದೆ ಅಂತ. ಜೀವಾಮೃತ ಮಾಡುವುದು ಸೂಕ್ಷ್ಮಜೀವಿ ಬೆಳೆಸಲು. ನಿಮ್ಮ ಡ್ರಮ್ಮಿನೊಳಗೆ ಕೈಹಾಕಿ ಗೋಡೆ ಸವರಿ ನೋಡಿ, ಸುಣ್ಣದ ಜೊತೆ ಗಟ್ಟಿಯಾಗಿ ಕೂತ ತಿಳಿನೀಲಿ ಪೊರೆ ಉಗುರಿಗೆ ಸಿಗುತ್ತದೆ. ಬರೀ ನೀರಿಗೆ ಅದು ಏಳುವುದಿಲ್ಲ. ಎರಡಕ್ಕೂ ಬೇರೆ ಬೇರೆ ಡ್ರಮ್ಮು ಇಟ್ಟು, ಮೇಲೆ ದೊಡ್ಡದಾಗಿ ಬರೆದುಬಿಡಿ. ಕೊನೆಗೌಡರು (ಮರ ಹತ್ತಿ ಔಷಧಿ ಹೊಡೆಯುವವರು) ಹೊಸಬರು ಬಂದರೂ ಗೊಂದಲ ಆಗಬಾರದು.

ಬೋರ್ಡೋಕ್ಕೆ ಮಾತ್ರ ಪ್ಲಾಸ್ಟಿಕ್ ಡ್ರಮ್ಮನ್ನು ಮೀರಿಸುವಂಥದ್ದು ಇನ್ನೊಂದಿಲ್ಲ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ತಾಮ್ರವೆಲ್ಲ ಕಬ್ಬಿಣಕ್ಕೇ ಹತ್ತಿ ದ್ರಾವಣ ಹಾಳು. ಶೇ. 1ರ ದ್ರಾವಣಕ್ಕೆ 200 ಲೀಟರ್ ಡ್ರಮ್ಮಿಗೆ 2 ಕಿಲೋ ಮೈಲುತುತ್ತ, 2 ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯುವುದು, ತಿರುಗಾ ಮುರುಗಾ ಅಲ್ಲ. ಹೊಳೆಯುವ ಚಾಕು ಅದ್ದಿ ನೋಡಿ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು ಅಂತ.

ಜೀವಾಮೃತಕ್ಕೆ ಅಗಲ ಬಾಯಿಯ ಡ್ರಮ್ಮೇ ಆಗಬೇಕು. 10 ಕಿಲೋ ಸಗಣಿ, ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು ಎಲ್ಲ ಸೇರುವಾಗ 200 ಲೀಟರ್ ನೀರು ಲೆಕ್ಕ ಹಿಡಿದು ಮೊದಲೇ ತುಂಬಿದರೆ ನೊರೆಯೆದ್ದು ಅಂಗಳಕ್ಕೆ ಹರಿಯುತ್ತದೆ. ಬಾಯಿಂದ ಒಂದು ಗೇಣು ಕೆಳಗೇ ನಿಲ್ಲಿಸಿ. ಮೇಲೆ ಗೋಣಿಚೀಲ ಸಾಕು, ರಿಂಗ್ ಹಾಕಿ ಮುಚ್ಚಳ ಬಿಗಿಯಬೇಡಿ, ಗ್ಯಾಸ್ ಹೋಗಬೇಕು.

ಪ್ರಶ್ನೆ (ಹಿರಿಯೂರಿನಿಂದ): ಸಾವಿರ ಲೀಟರಿನ ಟ್ಯಾಂಕನ್ನು ಸ್ಟ್ಯಾಂಡ್ ಮೇಲಿಟ್ಟು ದಾಳಿಂಬೆಗೆ ಡ್ರಿಪ್ ಬಿಡಬಹುದಾ ಸರ್? ಮಾಮೂಲಿ ಎರಡಿಂಚಿನ ಪೈಪ್ ಅದರ ವಾಲ್ವಿಗೆ ಕೂರುತ್ತಲೇ ಇಲ್ಲ.

ಉತ್ತರ: ಕೂರುವುದಿಲ್ಲ, ಅದರ ಮರೆ (ಥ್ರೆಡ್) ದಪ್ಪ, ನಮ್ಮ ಪಿವಿಸಿ ಪೈಪಿನ ಮರೆ ಸಣ್ಣ. ಒತ್ತಿ ತಿರುಗಿಸಿದರೆ ಎರಡೂ ಹಾಳು. ಈ ಪಂಜರದ ಟ್ಯಾಂಕಿಗೆ ಐಬಿಸಿ ಅನ್ನುತ್ತಾರೆ, ಐಬಿಸಿ ಅಡಾಪ್ಟರ್ ಅಂತ ಕೇಳಿ, ಹಾರ್ಡ್‌ವೇರ್ ಅಂಗಡಿಯವರು ತರಿಸಿ ಕೊಡುತ್ತಾರೆ.

ಡ್ರಿಪ್ಪಿನ ವಿಷಯ: 10 ಮೀಟರ್ ಎತ್ತರದಿಂದ ಇಳಿದರೆ ಸುಮಾರು 1 ಕಿಲೋ ಒತ್ತಡ. ನಿಮ್ಮದು ಒಂದು ಮೀಟರಿನ ಸ್ಟ್ಯಾಂಡ್ ಅಂದರೆ ಹತ್ತರಲ್ಲಿ ಒಂದು ಪಾಲು. ಮನೆ ಹಿಂದಿನ ತರಕಾರಿ ಮಡಿಗೆ ಸಾಕು. ದಾಳಿಂಬೆ ತೋಟದ ಉದ್ದ ಲೈನಿನಲ್ಲಿ ಮೊದಲ ಗಿಡಕ್ಕೆ ನೀರು, ಕೊನೆಯದಕ್ಕೆ ಗಾಳಿ. ಅಲ್ಲಿ ಟ್ಯಾಂಕನ್ನು ಗೊಬ್ಬರ ಕರಗಿಸಲು ಇಟ್ಟುಕೊಂಡು ವೆಂಚುರಿಯಿಂದ, ಅಂದರೆ ಪೈಪಿನಲ್ಲಿ ಹರಿಯುವ ನೀರೇ ಗೊಬ್ಬರ ಎಳೆದುಕೊಳ್ಳುವ ಬಿಡಿಭಾಗದಿಂದ, ಎಳೆಸಿ.

ಸ್ಟ್ಯಾಂಡ್ ಕಟ್ಟುವ ಮೊದಲು ಒಂದು ಮಾತು. ಖಾಲಿ ಟ್ಯಾಂಕನ್ನು ಇಬ್ಬರು ಎತ್ತಿ ಇಡಬಹುದು, ತುಂಬಿದರೆ ಒಂದು ಟನ್ನಿಗೂ ಮೇಲೆ. ಅಡಿಕೆ ದಬ್ಬೆಯ ಅಟ್ಟ ತಡೆಯುವುದಿಲ್ಲ. ಸೈಜುಗಲ್ಲು ಕಟ್ಟಿ ಕಾಂಕ್ರೀಟ್ ಹಾಕಿ. ಕೆಳಗಿನದ್ದು ಮರದ ಹಲಗೆ ಆಗಿದ್ದರೆ ಗೆದ್ದಲು ಹಿಡಿಯುತ್ತದೆ. ಬಿಳಿ ಟ್ಯಾಂಕಿನೊಳಕ್ಕೆ ಬಿಸಿಲು ಇಳಿಯುವುದರಿಂದ ಪಾಚಿಯೂ ಬರುತ್ತದೆ, ಪ್ಲಾಸ್ಟಿಕ್ಕೂ ಬೇಗ ಹಪ್ಪಳವಾಗುತ್ತದೆ. ಪೇಂಟು ಅದಕ್ಕೆ ಹಿಡಿಯುವುದಿಲ್ಲ. ಪಂಜರದ ಮೇಲೆ ಕಪ್ಪು ಟಾರ್ಪಲ್ ಸುತ್ತಿಬಿಡಿ.

ಪ್ರಶ್ನೆ (ಸಾಗರದವರೇ): ಮಳೆನೀರು ಹಿಡಿಯಲು?

ಉತ್ತರ: ಹಿರಿಯೂರಿನವರು ಕೇಳಿದ್ದರೆ ಹೌದು ಅಂತಿದ್ದೆ. ನೂರು ಚದರ ಮೀಟರ್ ಹಂಚಿನ ಮಾಡಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್. ನಿಮ್ಮೂರ ಆಷಾಢದಲ್ಲಿ ಅದು ಎಷ್ಟು ಹೊತ್ತಿನ ಮಾತು ಹೇಳಿ? ಫೆಬ್ರವರಿಗೆ ಆ ಸಾವಿರ ಲೀಟರ್ ಯಾವ ಮೂಲೆಗೂ ಸಾಲದು. ಮಾಡಿನಂಚಿನ ದಂಬೆಯ ನೀರನ್ನು ಬಾವಿ ಪಕ್ಕದ ಇಂಗುಗುಂಡಿಗೆ ತಿರುಗಿಸಿ.

ಯಾರೇ ನೀರು ಹಿಡಿದಿಟ್ಟರೂ ಬಾಯಿಗೆ ಸೊಳ್ಳೆ ಪರದೆ ಕಟ್ಟಿ. ಡೆಂಗಿ ಸೊಳ್ಳೆಗೆ ಇಂಥ ಡ್ರಮ್ಮೆಂದರೆ ಪಂಚಪ್ರಾಣ. ನೀರು ಚೆಲ್ಲಿ ಒಣಗಿಸಿದರೂ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ, ವಾರಕ್ಕೊಮ್ಮೆ ಒಳಗೋಡೆ ತಿಕ್ಕಿಯೇ ತುಂಬಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಇಟ್ಟಿದೆ.

ಪ್ರಶ್ನೆ (ಹಾವೇರಿಯಿಂದ): ಆತ್ರಿ ಸರ, ಕುಡ್ಯೂದ ಬಿಟ್ಟೆ. ಗೋವಿನಜೋಳದ ಸೈಲೇಜ್ (ರಸಮೇವು) ತುಂಬಾಕ ನಡೀತೈತೇನು?

ಉತ್ತರ: ಭೇಷ್ ನಡೆಯುತ್ತದೆ. ಎರಡು ಹಸು ಇದ್ದವರಿಗೆ ಗುಂಡಿ ತೆಗೆಯುವುದಕ್ಕಿಂತ ರಿಂಗ್ ಲಾಕಿನ ಡ್ರಮ್ಮೇ ಅನುಕೂಲ, ಒಂದೊಂದೇ ತೆಗೆದು ಮುಗಿಸಬಹುದು. ತಿನ್ನುವ ಪದಾರ್ಥ, ಆದ್ದರಿಂದ ಎಣ್ಣೆ ಅಥವಾ ಪಾಕದ ಡ್ರಮ್ಮೇ ಆಗಬೇಕು. ಕಾಳು ಹಾಲುಗಟ್ಟಿದಾಗ ಕೊಯ್ದು, ಸಣ್ಣಗೆ ಕತ್ತರಿಸಿ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಪದರ ಪದರವಾಗಿ ತುಳಿದು ಗಾಳಿ ಹೊರಡಿಸಿ, ಮುಚ್ಚಿ, 45 ದಿನ ಮುಟ್ಟಬೇಡಿ.

ಪ್ರಶ್ನೆ (ಪುತ್ತೂರಿನಿಂದ): ನಾನು ಟ್ಯಾಂಕನ್ನು ಅರ್ಧಕ್ಕೆ ಕತ್ತರಿಸಿ ದನಕ್ಕೆ ನೀರಿನ ತೊಟ್ಟಿ ಮಾಡುವ ಅಂತ ಇದ್ದೇನೆ ಮಾರಾಯ್ರೆ. ಗ್ರೈಂಡರ್ ಇದೆ.

ಉತ್ತರ: ಒಳಗೆ ಏನಿತ್ತು ಅಂತ ಗೊತ್ತಿಲ್ಲದ ಟ್ಯಾಂಕಿಗೆ ಗ್ರೈಂಡರ್ ತಾಗಿಸಬೇಡಿ ಮಾರಾಯ್ರೆ, ದನದ ತೊಟ್ಟಿಗಂತೂ ಅದು ಬೇಡವೇ ಬೇಡ. ತಳದಲ್ಲಿ ಒಂದು ಲೋಟ ಥಿನ್ನರ್ ಉಳಿದಿದ್ದರೂ ಅದರ ಆವಿಗೆ ಒಂದು ಕಿಡಿ ಸಾಕು, ಟ್ಯಾಂಕು ಸಿಡಿಯುತ್ತದೆ. ಪಾಕದ್ದೇ ಅಂತ ಖಾತ್ರಿ ಇದ್ದರೂ ಮೊದಲು ತೊಳೆದು, ಕೊಯ್ಯುವ ಗೆರೆಯ ಕೆಳಗಿನ ತನಕ ನೀರು ತುಂಬಿ, ಕೈಗರಗಸದಲ್ಲೇ ಕೊಯ್ಯಿರಿ. ಅಂಚು ಬ್ಲೇಡಿನಷ್ಟು ಚೂಪಾಗಿ ಉಳಿಯುತ್ತದೆ, ದನದ ಕುತ್ತಿಗೆ ತಾಗುವ ಜಾಗ. ಹಳೇ ಡ್ರಿಪ್ ಪೈಪನ್ನು ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸಿಬಿಡಿ. ಕೆಳಗಿನ ಅರ್ಧಕ್ಕೆ ಪಂಜರ ಹಾಗೇ ಇರಲಿ. ಇಲ್ಲದಿದ್ದರೆ ನೀರು ತುಂಬಿದಾಗ ಹೊಟ್ಟೆ ಉಬ್ಬಿ ಒಂದು ಬದಿ ಒಡೆಯುತ್ತದೆ.

ಉಳಿದ ಪಂಜರದ ಮೇಲರ್ಧ ಹಾಗಲ, ಅಲಸಂದೆ ಬಳ್ಳಿಗೆ ಒಳ್ಳೆಯ ಚಪ್ಪರ. ಅದನ್ನು ವೆಲ್ಡ್ ಮಾಡಿಸಿ ಗೇಟು ಮಾಡುವ ಆಸೆ ಇದ್ದರೆ ಬಯಲಲ್ಲೇ ಮಾಡಿಸಿ. ಆ ಪೈಪಿಗೆ ಸತುವಿನ ಲೇಪನ ಇದೆ, ಕಾದಾಗ ಏಳುವ ಬಿಳಿ ಹೊಗೆ ಕುಡಿದರೆ ರಾತ್ರಿಗೆ ಚಳಿಜ್ವರ ಗ್ಯಾರಂಟಿ.