ಇಂಗ್ಲಿಷಿನ ಒಂದು ಪದಕ್ಕೆ ಸ್ಪ್ಯಾನಿಷ್‌ನಲ್ಲಿ ಮೂರು ಪದ: ಹೇಗೆ ಆರಿಸುತ್ತೀರಿ?

ಪ್ರಶ್ನೆ: ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ನಿಘಂಟಿನಲ್ಲಿ 'ಟೈಮ್' ಹುಡುಕಿದರೆ ತಿಯೆಂಪೊ, ಓರಾ, ವೆಸ್ ಅಂತ ಮೂರು ಪದ ಸಿಗುತ್ತವೆ. 'ಟಿಕೆಟ್', 'ಆರ್ಡರ್' ಕೂಡ ಹೀಗೇ. ನೀವೆಲ್ಲ ಸರಿಯಾದ ಪದವನ್ನು ಹೇಗೆ ಆರಿಸುತ್ತೀರಿ?

ಉತ್ತರ: ಇಂಗ್ಲಿಷನ್ನು ಬದಿಗಿಡಿ. ಆ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿ ನೋಡಿ. 'ಗಂಟೆ ಎಷ್ಟು?' ಅಂದರೆ 'ಕೆ ಓರಾ ಎಸ್?' 'ಮೂರು ಸಲ' ಅಂದರೆ 'ತ್ರೆಸ್ ವೆಸೆಸ್'. 'ನನಗೆ ಸಮಯವಿಲ್ಲ' ಅಂದರೆ 'ನೊ ತೆಂಗೊ ತಿಯೆಂಪೊ'. ಗಂಟೆ, ಸಲ, ಸಮಯ ಅಂತ ಕನ್ನಡವೇ ಬಿಡಿಸಿ ಕೊಟ್ಟಿದೆ, ಅಲ್ವಾ? 'ಟು ನೋ' ಕೂಡ ಹಾಗೆಯೇ. ಉತ್ತರ ಗೊತ್ತು, ಈಜಲು ಬರುತ್ತದೆ ಅನ್ನುವಲ್ಲಿ ಸಾಬೆರ್. ಒಬ್ಬರ ಪರಿಚಯವಿದೆ, ಆ ಊರು ನೋಡಿದ್ದೇನೆ ಅನ್ನುವಲ್ಲಿ ಕೊನೊಸೆರ್. ಈ ದಾರಿ ನನಗೆ ತುಂಬಾ ನೆರವಾಗಿದೆ.

ಆದರೆ ಎಲ್ಲ ಕಡೆ ನಡೆಯುವುದಿಲ್ಲ. ನಮಗೆ ಎರಡೂ 'ಮೂಲೆ'. ಅವರಿಗೆ ಕೋಣೆಯ ಒಳಮೂಲೆ ರಿಂಕೋನ್, ಬೀದಿ ತಿರುಗುವ ಮೂಲೆ ಎಸ್ಕಿನಾ. ನೀರಲ್ಲಿ ಈಜುವ ಮೀನು ಪೆಸ್, ಹಿಡಿದು ಅಡುಗೆಗೆ ಬಂದದ್ದು ಪೆಸ್ಕಾದೊ. ಇವನ್ನು ಸುಮ್ನೆ ನೆನಪಿಟ್ಟುಕೊಳ್ಳಬೇಕು.

ಇನ್ನೊಬ್ಬರು: ಯಾವ ದೇಶದವರಿಗೆ ಹೇಳುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ. ಸ್ಪೇನ್‌ನಲ್ಲಿ ರೈಲಿನ ಟಿಕೆಟ್ ಬಿಯೆತೆ, ಸಿನಿಮಾ ಟಿಕೆಟ್ ಎಂತ್ರಾದಾ. ಮೆಕ್ಸಿಕೊದಲ್ಲಿ ಎರಡಕ್ಕೂ ಬೊಲೆತೊ ನಡೆಯುತ್ತದೆ. ಟ್ರಾಫಿಕ್ ಪೊಲೀಸರು ಕೊಡುವ 'ಟಿಕೆಟ್' ನಿಜಕ್ಕೂ ದಂಡ, ಹಾಗಾಗಿ ಅದು ಮುಲ್ತಾ. ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದು 'ಟೇಕ್' ಪದಕ್ಕೆ. ಸ್ಪೇನ್‌ನಲ್ಲಿ ಬಸ್ ಹಿಡಿಯುವುದಕ್ಕೆ ಕೊಹೆರ್ ಅನ್ನುತ್ತಾರೆ. ಮೆಕ್ಸಿಕೊ, ಅರ್ಜೆಂಟೀನಾದಲ್ಲಿ ಅದೇ ಪದ ಲೈಂಗಿಕ ಅರ್ಥದ ಅಶ್ಲೀಲ ಮಾತು. ತೊಮಾರ್ ಬಳಸಿ, ಸ್ಪೇನ್‌ನವರಿಗೂ ಅರ್ಥವಾಗುತ್ತದೆ.

ಮತ್ತೊಬ್ಬರು: ಇಂಗ್ಲಿಷ್–ಸ್ಪ್ಯಾನಿಷ್ ನಿಘಂಟಲ್ಲಿ ಸಿಕ್ಕಿದ ಪದವನ್ನು ಹಾಗೇ ಎತ್ತಿಕೊಳ್ಳಬೇಡಿ. ಅದನ್ನು ಸ್ಪ್ಯಾನಿಷ್–ಸ್ಪ್ಯಾನಿಷ್ ನಿಘಂಟಲ್ಲಿ ಮತ್ತೆ ನೋಡಿ. ರಿಯಾಲ್ ಅಕಾದೆಮಿಯಾ ಎಸ್ಪನ್ಯೋಲಾ ಅನ್ನುವುದು 1713ರಲ್ಲಿ ಶುರುವಾದ ಸ್ಪ್ಯಾನಿಷ್ ಭಾಷಾ ಸಂಸ್ಥೆ; ಅದರ ನಿಘಂಟು ನೆಟ್‌ನಲ್ಲಿ ಉಚಿತವಾಗಿದೆ. ಅರ್ಥ ಯಾವ ದೇಶದ್ದು ಅಂತಲೂ ಅಲ್ಲಿ ಹಲವು ಕಡೆ ಗುರುತು ಹಾಕಿರುತ್ತಾರೆ.

ನಿಮ್ಮ 'ಆರ್ಡರ್' ವಿಷಯ: ಅಂಗಡಿಯಿಂದ ತರಿಸುವುದು ಪೆದಿದೊ. ಒಂದಾದ ಮೇಲೊಂದು ಜೋಡಿಸಿದ ಕ್ರಮ 'ಎಲ್ ಓರ್ದೆನ್', ಮೇಲಿನವರ ಅಪ್ಪಣೆ 'ಲಾ ಓರ್ದೆನ್'. ಪದ ಅದೇ, ಲಿಂಗ (ಎಲ್ ಪುಲ್ಲಿಂಗ, ಲಾ ಸ್ತ್ರೀಲಿಂಗ) ಬದಲಾದರೆ ಅರ್ಥವೂ ಬೇರೆ. ಅದಕ್ಕೇ ನೋಟ್‌ಬುಕ್ಕಲ್ಲಿ ನಾಮಪದ ಬರೆಯುವಾಗ ಎಲ್, ಲಾ ಸೇರಿಸಿಯೇ ಬರೆಯಿರಿ, ಪಕ್ಕದಲ್ಲಿ ಒಂದು ಪೂರ್ತಿ ವಾಕ್ಯವೂ ಇರಲಿ.