‘ಮರಳಿಸು’ ಅಂದರೆ ಕೊಡುವುದಾ, ತರುವುದಾ?

ಪ್ರಶ್ನೆ: ಪಕ್ಕದ ಮನೆಯವರು ನಮ್ಮ ಇಡ್ಲಿ ಪಾತ್ರೆ ಒಯ್ದು ತಿಂಗಳಾಯಿತು. ‘ಹೋಗಿ ಮರಳಿಸಿಕೊಂಡು ಬಾರೋ’ ಎಂದು ಮಗನಿಗೆ ಹೇಳಿದೆ. ‘ಮರಳಿಸಬೇಕಾದವರು ಅವರು, ನಾನಲ್ಲ’ ಅಂದ! ತಪ್ಪು ಯಾರದು?

ಉತ್ತರ: ಮಗನೇ ಸರಿ. ಅವರು ಮರಳಿಸಬೇಕು, ಇವನು ಮರಳಿ ತರಬೇಕು. ‘ಮರಳು’ ಅಂದರೆ ತಾನೇ ಹಿಂದಕ್ಕೆ ಬರುವುದು. ‘ಇಸು’ ಸೇರಿದರೆ ಇನ್ನೊಂದನ್ನು ಹಿಂದಕ್ಕೆ ಕೊಡುವುದು. ನಾನಂತೂ ಸುಮ್ನೆ ‘ವಾಪಸ್’ ಅಂತೀನಿ. ಫಾರಸಿಯಿಂದ ಬಂದ ಪದ. ವಾಪಸ್ ಕೊಡು, ವಾಪಸ್ ತಗೊಂಡು ಬಾ, ಎರಡಕ್ಕೂ ಆಗುತ್ತೆ.

ಇನ್ನೊಬ್ಬರು: ನಮ್ಮಜ್ಜಿಗೆ ‘ಮರಳು’ ಅಂದರೆ ಕುದಿಯುವುದು. ‘ಎಸರು ಮರಳ್ತಾ ಇದೆ, ಅಕ್ಕಿ ಹಾಕೇ’ ಅನ್ನೋರು.

ಕೇಳಿದವರು: ಪಾತ್ರೆ ಬಂತು. ಒಳಗೆ ನಾಲ್ಕು ಕಜ್ಜಾಯ. ಖಾಲಿ ಕೊಡಬಾರದಂತೆ!